ಗಾಲಿಯ ಮನೆಗೆ ಆಕಾಶದ ಟಿವಿ

ಭಾರತದ ಬಾಹ್ಯಾಕಾಶ ಚರಿತ್ರೆಯ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು ಬೆಂಗಳೂರಿನದು. ಎತ್ತಿನಗಾಡಿಯ ಮೇಲೆ ‘ಆ್ಯಪಲ್’ ಉಪಗ್ರಹ ಕೂತಿರುವ ಚಿತ್ರ ಅದು. ನೋಡಿದ ಎಷ್ಟೋ ಮಂದಿ ಅದರಲ್ಲಿ ದೇಶದ ಬಡತನ ಕಂಡರು. ಅಲ್ಲಿದ್ದದ್ದು ಎಂಜಿನಿಯರುಗಳ ಲೆಕ್ಕಾಚಾರ. ಉಪಗ್ರಹದ ಆ್ಯಂಟೆನಾವನ್ನು ಬಯಲಿನಲ್ಲಿಟ್ಟು ಪರೀಕ್ಷಿಸಬೇಕಿತ್ತು. ಲಾರಿಯ ಮೇಲಿಟ್ಟರೆ ಅದರ ಲೋಹದ ಮೈ ರೇಡಿಯೊ ಅಲೆಗಳನ್ನು ಪ್ರತಿಫಲಿಸಿ ಅಳತೆಯನ್ನು ಕೆಡಿಸುತ್ತಿತ್ತು. ಮರದ ಗಾಡಿಗೆ ಆ ದೋಷವಿರಲಿಲ್ಲ. ಆ್ಯಪಲ್ 1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್ ರಾಕೆಟ್‌ನಲ್ಲಿ ಮೇಲೇರಿತು. ಅದು ಭಾರತ ತಾನೇ ಕಟ್ಟಿದ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ. ಆಕಾಶದಿಂದ ಟಿವಿ ಕಾರ್ಯಕ್ರಮ ಇಳಿಸುವ ಪ್ರಯೋಗಗಳು ಅದರ ಮೂಲಕವೂ ನಡೆದವು.

ಚಕ್ರದ ಮೇಲೆ ಆ್ಯಂಟೆನಾ ಇಟ್ಟಾಗ ಏಳುವ ಪ್ರಶ್ನೆಗಳು ಇಂದಿಗೂ ಅವೇ. ಸುತ್ತಲಿನ ಲೋಹ ಏನು ಮಾಡುತ್ತದೆ? ಗಾಡಿ ಅಲುಗದೆ ನಿಲ್ಲುತ್ತದೆಯೆ? ಮುಖ ಯಾವ ಕಡೆಗಿರಬೇಕು? ಈಗ ಈ ಪ್ರಶ್ನೆಗಳನ್ನು ಕೇಳಬೇಕಾದವರು ಕ್ಯಾರವಾನ್ ಕಟ್ಟಿಸಿಕೊಂಡವರು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತು. ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಎಲ್ಲ ಇರುವ ಗಾಡಿಗಳು ಬೆಂಗಳೂರಿನಿಂದ ಹಂಪಿ, ಕಬಿನಿ, ಗೋಕರ್ಣದತ್ತ ಹೊರಡುತ್ತಿವೆ. ಒಳಗೆ ಟಿವಿಯೂ ಇರುತ್ತದೆ. ಆದರೆ ಅದು ಹೆಚ್ಚಾಗಿ ಮೊಬೈಲ್ ಇಂಟರ್ನೆಟ್ಟನ್ನೇ ನಂಬಿಕೊಂಡಿರುತ್ತದೆ. ಘಟ್ಟ ಹತ್ತಿದಂತೆ ಅದು ಕೈಕೊಡುತ್ತದೆ. ಆಗ ಉಳಿಯುವ ದಾರಿ ಉಪಗ್ರಹ.

ಡಿಶ್ ಹಾಕಿಸಲು ಹೊರಟವರ ಕೈಗೆ ಮೊದಲು ಸಿಗುವುದು ಯುರೋಪು ಮತ್ತು ಅಮೆರಿಕದ ಸಲಹೆಗಳು. ಅಲ್ಲಿನ ಮೋಟರ್‌ಹೋಮ್ ಸಂಸ್ಕೃತಿ ಹಳೆಯದು, ಉಪಕರಣಗಳೂ ಹೇರಳ. ಆದರೆ ಆ ಸಲಹೆಗಳೆಲ್ಲ ಅವರ ಆಕಾಶಕ್ಕೆ ಹೇಳಿದವು. ನಮ್ಮ ಆಕಾಶ ಬೇರೆ, ಮತ್ತು ಬಹಳಷ್ಟು ಉದಾರವಾದದ್ದು. ಅದನ್ನು ಅರಿತವರಿಗೆ ದುಬಾರಿ ಗುಮ್ಮಟದ ಆ್ಯಂಟೆನಾ ಬೇಕಿಲ್ಲ. ಸಾಧಾರಣ ಡಿಶ್ಶು, ಒಂದಿಷ್ಟು ತಂತಿ, ಸ್ವಲ್ಪ ತಿಳಿವಳಿಕೆ ಇದ್ದರೆ ಸಾಕು.

ನೆರೆಯಲ್ಲೇ ಹುಟ್ಟಿದ ಉಪಗ್ರಹ

ಈ ತಿಳಿವಳಿಕೆಗೆ ಪೂರ್ವ ಬೆಂಗಳೂರಿಗಿಂತ ತಕ್ಕ ನೆಲ ದೇಶದಲ್ಲಿ ಇನ್ನೊಂದಿರಲಾರದು. ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಬಡಾವಣೆಗೆ ಹೆಸರು ಬಂದದ್ದೇ ಆ ಕಾರ್ಖಾನೆಯಿಂದ. ಇಂದಿರಾನಗರದ ಮಗ್ಗುಲಲ್ಲಿ, ಸಿ.ವಿ. ರಾಮನ್ ನಗರದಲ್ಲಿ, ದೇಶಕ್ಕೆ ರೇಡಾರ್ ರೂಪಿಸುವ ಡಿಆರ್‌ಡಿಒ ಪ್ರಯೋಗಾಲಯವಿದೆ. ಹಲಸೂರಿನಿಂದ ಹಳೆ ವಿಮಾನ ನಿಲ್ದಾಣ ರಸ್ತೆ ಹಿಡಿದು ಹೋದರೆ ವಿಮಾನಪುರದಲ್ಲಿ ಇಸ್ರೊದ ಉಪಗ್ರಹ ಕೇಂದ್ರ ಸಿಗುತ್ತದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರನ್ನು 2018ರಲ್ಲಿ ಅದಕ್ಕೆ ಇಡಲಾಯಿತು.

ನಮ್ಮ ವಿಷಯಕ್ಕೆ ಬೇಕಾದ ಜಿಸ್ಯಾಟ್-15 ಇಸ್ರೊದ ಈ ಉಪಗ್ರಹ ಕೇಂದ್ರದ ಕೂಸು. 3,164 ಕಿಲೊ ತೂಕದ ಅದು 2015ರ ನವೆಂಬರ್ 11ರಂದು ಕೌರುವಿನಿಂದ ಮೇಲೇರಿತು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಅದರ ಹಗ್ಗ ಹಿಡಿಯಿತು. ದೂರದರ್ಶನದ ಉಚಿತ ಡಿಟಿಎಚ್ ಸೇವೆ ‘ಡಿಡಿ ಫ್ರೀ ಡಿಶ್’ ಇಳಿಯುವುದು ಈ ಉಪಗ್ರಹದಿಂದಲೇ. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಮನೆಯ ವಿಳಾಸಕ್ಕೆ ಕಟ್ಟುಬಿದ್ದ ಚಂದಾ ಇಲ್ಲದ್ದರಿಂದ ಊರೂರು ಸುತ್ತುವ ಗಾಡಿಗೆ ಇದು ಹೇಳಿ ಮಾಡಿಸಿದ್ದು. ಡಿಡಿ ಚಂದನ ಇದರಲ್ಲಿದೆ, ಆಕಾಶವಾಣಿಯ ಹಲವು ಕೇಂದ್ರಗಳೂ ಇವೆ. ಇದರಲ್ಲಿ ಸಿಗದ ಖಾಸಗಿ ಧಾರಾವಾಹಿಗಳು ಬೇಕೇ ಬೇಕು ಎನ್ನುವವರು ಹಣ ಕೊಡುವ ಡಿಟಿಎಚ್‌ಗೆ ಹೋಗಬೇಕು. ಅಂಥವರು ಸಂಪರ್ಕವನ್ನು ವಾಹನದಲ್ಲಿ ಬಳಸಲು ಒಪ್ಪಿಗೆಯಿದೆಯೇ ಎಂದು ಕಂಪನಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕನ್ನಡಕ್ಕೂ ಉಪಗ್ರಹ ಟಿವಿಗೂ ಇರುವ ನಂಟು ಇದಕ್ಕಿಂತ ಹಳೆಯದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ನೇರವಾಗಿ ಆಕಾಶದಿಂದ ಇಳಿಯಿತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. ಆಗ ಬೇಕಿದ್ದದ್ದು ತಂತಿಬಲೆ ಹೊದಿಸಿದ ಮೂರು ಮೀಟರ್ ಅಗಲದ ಆ್ಯಂಟೆನಾ. ಈಗ 60 ಸೆಂಟಿಮೀಟರ್ ತಟ್ಟೆ ಸಾಕು. ಉಪಗ್ರಹಗಳ ಶಕ್ತಿ ಹೆಚ್ಚಿದೆ, ಅಲೆಗಳ ಆವರ್ತನವೂ ಏರಿದೆ. ಡಿಶ್ ಗಾಡಿಯ ಮೇಲೇರಲು ಸಾಧ್ಯವಾದದ್ದು ಇದರಿಂದಲೇ.

ಆಗ್ನೇಯಕ್ಕೆ ಮುಖ, ನೆತ್ತಿಯತ್ತ ನೋಟ

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ, 35,786 ಕಿಲೊಮೀಟರ್ ಎತ್ತರದಲ್ಲಿ, ಭೂಮಿಯೊಂದಿಗೇ ತಿರುಗುತ್ತವೆ. ಹಾಗಾಗಿ ನೆಲದಿಂದ ನೋಡುವವರಿಗೆ ಅವು ನಿಂತಲ್ಲೇ ನಿಂತಿರುತ್ತವೆ. ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾತ್ರಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದ ಮೇಲೆ. ಬೆಂಗಳೂರು 13 ಡಿಗ್ರಿ ಉತ್ತರ, 77.6 ಡಿಗ್ರಿ ಪೂರ್ವ. ಲೆಕ್ಕ ಹಾಕಿದರೆ ಹಲಸೂರಿನಲ್ಲಿ ನಿಂತವರು ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 128 ಡಿಗ್ರಿ ತಿರುಗಬೇಕು. ಅದು ಆಗ್ನೇಯ, ವಾಸ್ತು ನೋಡುವವರು ಅಡುಗೆಮನೆಗೆ ಹೇಳುವ ಮೂಲೆ. ಅಲ್ಲಿಂದ ದಿಗಂತ ಬಿಟ್ಟು 66 ಡಿಗ್ರಿ ತಲೆ ಎತ್ತಬೇಕು. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 73 ಡಿಗ್ರಿಯಲ್ಲಿವೆ. ಏರ್‌ಟೆಲ್ ನೆಚ್ಚಿಕೊಂಡ 108.2 ಡಿಗ್ರಿಯದು ಪೂರ್ವಕ್ಕೆ ಹೆಚ್ಚು ವಾಲಿ, ಸುಮಾರು 52 ಡಿಗ್ರಿ ಎತ್ತರದಲ್ಲಿದೆ.

ಲಂಡನ್ನಿನವರು ತಮ್ಮ ಉಪಗ್ರಹ ನೋಡಲು ದಿಗಂತದಿಂದ ಏರುವುದು ಬರೀ 25 ಡಿಗ್ರಿ. ಈ ಅಂತರದ ಫಲ ದೊಡ್ಡದು. ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ಕಟ್ಟಡ ಅಡ್ಡವಿದ್ದರೆ ಲಂಡನ್ನಿನಲ್ಲಿ ಅದರಿಂದ 21 ಮೀಟರ್ ದೂರ ಹೋಗಬೇಕು. ಬೆಂಗಳೂರಿನಲ್ಲಿ ನಾಲ್ಕೂವರೆ ಮೀಟರ್ ಸಾಕು. ಶಿವಾಜಿನಗರದ ಇಕ್ಕಟ್ಟಾದ ಬೀದಿಗಳಲ್ಲಿ ಮನೆಮನೆಯ ತಾರಸಿ ಅಂಚಿನ ಡಿಶ್‌ಗಳು ಪಕ್ಕದ ಮಹಡಿಯನ್ನು ದಾಟಿ ಆಕಾಶ ಹಿಡಿಯುವುದು ಈ ಕಾರಣದಿಂದ. ಗಾಡಿಗೂ ಅದೇ ಲಾಭ. ಛತ್ರದ ಗೋಡೆ, ಬಸ್ಸು, ಗುಡ್ಡದ ಮಗ್ಗುಲು ಯಾವುದೂ ಸುಲಭಕ್ಕೆ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಮರ. ನೋಟ ನೆತ್ತಿಯತ್ತ ಏರಿದಷ್ಟೂ ತಲೆಯ ಮೇಲಿನ ಕೊಂಬೆ ತೊಡಕಾಗುತ್ತದೆ. ದಂಡು ಪ್ರದೇಶದ ರಸ್ತೆಗಳ ಮೇಲೆ ಚಪ್ಪರ ಹಾಕಿದ ಮಳೆಮರಗಳ ಕೆಳಗೆ ಒಳ್ಳೆಯ ಡಿಶ್ಶೂ ಕುರುಡು. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ನೀರು ತುಂಬಿದ ಎಲೆ ಅವನ್ನು ಹೀರಿಬಿಡುತ್ತದೆ, ಒದ್ದೆ ಎಲೆ ಇನ್ನಷ್ಟು ಹೀರುತ್ತದೆ. ಕೊಡಗಿನ ಕಾಫಿ ತೋಟದ ನೆರಳಿನಲ್ಲಿ ಗಾಡಿ ನಿಲ್ಲಿಸುವವರು ಇದನ್ನು ಮೊದಲೇ ಯೋಚಿಸಬೇಕು.

ಛಾವಣಿಯೋ, ಮೂರುಕಾಲೋ

ಗಾಡಿಯಲ್ಲಿ ಡಿಶ್ ಇಡಲು ಮೂರು ದಾರಿಗಳಿವೆ. ಮೊದಲನೆಯದು ಛಾವಣಿಗೆ ಬಿಗಿದ ಗುಮ್ಮಟ. ಗುಂಡಿ ಒತ್ತಿದರೆ ಅದರೊಳಗಿನ ತಟ್ಟೆ ತಾನೇ ಉಪಗ್ರಹ ಹುಡುಕಿಕೊಳ್ಳುತ್ತದೆ. ಆದರೆ ಗುಮ್ಮಟದೊಳಗೆ ಹಿಡಿಸಬೇಕಾದ್ದರಿಂದ ತಟ್ಟೆ ಚಿಕ್ಕದು. ಹೊರಮೈ ಮೇಲೆ ಮಳೆಹನಿ ನಿಂತಾಗ ಸಿಗ್ನಲ್ ಇನ್ನೂ ಕುಗ್ಗುತ್ತದೆ. ಹೊರದೇಶದಿಂದ ತರಿಸುವವರು ಎರಡು ಪ್ರಶ್ನೆ ಕೇಳಲೇಬೇಕು: ಅದರ ತಂತ್ರಾಂಶಕ್ಕೆ 93.5 ಡಿಗ್ರಿಯ ಉಪಗ್ರಹದ ಪರಿಚಯವಿದೆಯೆ? ಅದರ ತಟ್ಟೆ 66 ಡಿಗ್ರಿಗೂ ಮೇಲಕ್ಕೆ ಮುಖ ಎತ್ತಬಲ್ಲದೆ? ಯುರೋಪಿನ ಆಕಾಶಕ್ಕೆ ಮಾಡಿದ ಯಂತ್ರಕ್ಕೆ ಇವೆರಡೂ ಇರಲೇಬೇಕೆಂದಿಲ್ಲ.

ಎರಡನೆಯದು ಛಾವಣಿಯ ಮೇಲೆ ಮಡಚಿ ಮಲಗಿಸುವ ಡಿಶ್. ಒಳಗಿನಿಂದಲೇ ಹಿಡಿಕೆ ತಿರುಗಿಸಿ ಎಬ್ಬಿಸಬಹುದು. ಹತ್ತಿ ಇಳಿಯಲಾರದ ಹಿರಿಯರಿಗೆ ಇದು ಅನುಕೂಲ. ಗಾಡಿ ನೆರಳಿನಲ್ಲಿದ್ದರೆ ಡಿಶ್ಶೂ ನೆರಳಿನಲ್ಲೇ ಇರುತ್ತದೆ ಎಂಬುದು ಇದರ ಕೊರತೆ.

ಮೂರನೆಯದು ಮೂರುಕಾಲಿನ ಸ್ಟ್ಯಾಂಡ್ ಮೇಲಿನ ಮಾಮೂಲಿ 60 ಸೆಂಟಿಮೀಟರ್ ಡಿಶ್ ಮತ್ತು ಹದಿನೈದು ಮೀಟರ್ ಆರ್‌ಜಿ-6 ಕೇಬಲ್. ನಮ್ಮ ನಾಡಿಗೆ ಇದೇ ಸರಿ. ಗಾಡಿಯನ್ನು ಮಾವಿನ ಮರದ ತಂಪಿನಲ್ಲಿ ನಿಲ್ಲಿಸಿ ಡಿಶ್ಶನ್ನು ಬಿಸಿಲಿಗೆ ಒಯ್ಯಬಹುದು. ಅಷ್ಟು ಉದ್ದದ ಕೇಬಲ್‌ನಲ್ಲಿ ಆಗುವ ನಷ್ಟವನ್ನು ಸೆಟ್‌ಟಾಪ್ ಬಾಕ್ಸ್ ತಡೆದುಕೊಳ್ಳುತ್ತದೆ. ಗಾಡಿಯೊಳಗೆ ಯಾರೇ ಓಡಾಡಿದರೂ ಡಿಶ್ ಅಲುಗುವುದಿಲ್ಲ. ಈ ಕೊನೆಯ ಮಾತು ಸಣ್ಣದಲ್ಲ. 60 ಸೆಂಟಿಮೀಟರ್ ಡಿಶ್‌ನ ನೋಟದ ಅಗಲ ಸುಮಾರು ಮೂರು ಡಿಗ್ರಿ. ಗುರಿಯಿಂದ ಒಂದೂವರೆ ಡಿಗ್ರಿ ಸರಿದರೆ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಪಟ್ಟಿಗಳ ಮೇಲೆ ನಿಂತ ಗಾಡಿ ಒಬ್ಬರು ಹತ್ತಿದರೂ ವಾಲುತ್ತದೆ. ಛಾವಣಿಯ ಡಿಶ್ ಬೇಕೆನ್ನುವವರು ಗಾಡಿಯ ನಾಲ್ಕು ಮೂಲೆಗೆ ಜ್ಯಾಕ್ ಕೊಟ್ಟು ನಿಲ್ಲಿಸಬೇಕು.

ಹೊಂದಿಸುವಾಗ ಗಾಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತು ದಿಕ್ಸೂಚಿ ನೋಡಬೇಕು. ಗಾಡಿಯ ಕಬ್ಬಿಣ ಮೊಬೈಲಿನ ದಿಕ್ಸೂಚಿಯನ್ನೂ ದಾರಿ ತಪ್ಪಿಸುತ್ತದೆ. ನಮ್ಮ ಡಿಶ್‌ಗಳಲ್ಲಿ ಎಲ್‌ಎನ್‌ಬಿಯ, ಅಂದರೆ ತಟ್ಟೆಯ ಮುಂದಿದ್ದು ಅಲೆಗಳನ್ನು ಹಿಡಿಯುವ ಪುಟ್ಟ ಪೆಟ್ಟಿಗೆಯ, ತೋಳು ಕೆಳಗಿನಿಂದ ಚಾಚಿರುತ್ತದೆ. ಹಾಗಾಗಿ ತಟ್ಟೆ ಮುಖ ಮಾಡಿದಂತೆ ಕಾಣುವ ಕಡೆಗಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿನಿಂದ ಅಲೆಗಳು ಬರುತ್ತವೆ. 66 ಡಿಗ್ರಿ ಬೇಕೆಂದು ತಟ್ಟೆಯನ್ನೇ ಅಷ್ಟು ಎತ್ತಿದರೆ ಏನೂ ಸಿಗದು. ಹಿಂಬದಿಯ ಕ್ಲಾಂಪಿನ ಮೇಲೆ ಅಚ್ಚೊತ್ತಿದ ಡಿಗ್ರಿಯ ಗುರುತನ್ನೇ ನಂಬಬೇಕು. ಸಿಗ್ನಲ್ ಅಳೆಯುವ ಅಗ್ಗದ ಸ್ಯಾಟ್ ಫೈಂಡರ್ ಯಾವ ಉಪಗ್ರಹ ಸಿಕ್ಕರೂ ಕೂಗುತ್ತದೆ. 91.5 ಮತ್ತು 95 ಡಿಗ್ರಿಗಳಲ್ಲಿ ಬೇರೆ ಡಿಟಿಎಚ್‌ಗಳ ಉಪಗ್ರಹಗಳು ಒತ್ತಿಕೊಂಡೇ ಇವೆ. ಪರದೆಯ ಮೇಲೆ ವಾಹಿನಿಯ ಹೆಸರು ಮೂಡಿದ ಮೇಲೆಯೇ ಬೋಲ್ಟ್ ಬಿಗಿಯಬೇಕು.

ಕಾಶಿಗೆ ಹೊರಟ ಗಾಡಿ

ಒಂದೇ ಕಡೆ ಇರುವ ಮನೆಗೆ ಡಿಶ್ ಹೊಂದಿಸುವವರು ಒಮ್ಮೆ ಮಾಡಿ ಮರೆಯುವ ಕೆಲಸವೊಂದನ್ನು ಗಾಡಿಯವರು ಮತ್ತೆ ಮತ್ತೆ ಮಾಡಬೇಕು. ಎಲ್‌ಎನ್‌ಬಿಯನ್ನು ತನ್ನ ಅಕ್ಷದ ಮೇಲೆ ತಿರುಗಿಸುವುದೇ ಆ ಕೆಲಸ. ಉಪಗ್ರಹದ ಅಲೆಗಳಲ್ಲಿ ಕೆಲವು ನೆಟ್ಟಗೆ, ಕೆಲವು ಅಡ್ಡಡ್ಡ ಕಂಪಿಸುತ್ತವೆ. ನೆಲದ ಮೇಲೆ ನಾವಿರುವ ಜಾಗಕ್ಕೆ ತಕ್ಕಂತೆ ಅವು ನಮಗೆ ಓರೆಯಾಗಿ ತಲುಪುತ್ತವೆ. ಬೆಂಗಳೂರಿನಲ್ಲಿ ಜಿಸ್ಯಾಟ್-15ಕ್ಕೆ ಆ ಓರೆ ಸುಮಾರು 50 ಡಿಗ್ರಿ, ಬೀದರಿನಲ್ಲಿ 40, ಕಾಶಿಯಲ್ಲಿ 21. ಬೆಂಗಳೂರಿಗೂ ಕಾಶಿಗೂ ನಡುವೆ ಎಲ್‌ಎನ್‌ಬಿ ತಿರುಗಬೇಕಾದದ್ದು ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಂತರದಷ್ಟು. ತಿರುಗಿಸದಿದ್ದರೆ ಅಡ್ಡ ಅಲೆ ನೆಟ್ಟ ಅಲೆಯೊಂದಿಗೆ ಬೆರೆತು ಚಿತ್ರ ಚೂರುಚೂರಾಗುತ್ತದೆ. ದಿಕ್ಕು, ಎತ್ತರ ಎರಡೂ ಸರಿಯಿದ್ದು ಕೆಲವೇ ವಾಹಿನಿಗಳು ಕೆಡುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿ ತೆರೆದಿಟ್ಟು ನಿಧಾನವಾಗಿ ತಿರುಗಿಸಿದರೆ ಯಾವ ಕಡೆಗೆ ತಿರುಗಿಸಬೇಕೆಂಬುದು ತಾನೇ ತಿಳಿಯುತ್ತದೆ.

ಕಾಶಿಯಲ್ಲಿ ಡಿಶ್ ಸುಮಾರು 157 ಡಿಗ್ರಿ ದಿಕ್ಕಿಗೆ, 58 ಡಿಗ್ರಿ ಎತ್ತರಕ್ಕೆ ಇರಬೇಕು. ಅಲ್ಲೂ ನಮ್ಮ ಆಕಾಶ ಉದಾರವೇ. ಫ್ರೀ ಡಿಶ್ ಕಿರಣ ದೇಶವನ್ನೆಲ್ಲ ಹೊದ್ದಿರುವುದರಿಂದ ಕಾಸರಗೋಡಿನಿಂದ ಗಂಗೆಯ ದಡದವರೆಗೆ ಅದೇ ಡಿಶ್ ಅದೇ ಚಂದನವನ್ನು ಹಿಡಿಯುತ್ತದೆ. ಹೊರಡುವ ಮೊದಲು ದಾರಿಯ ತಂಗುದಾಣಗಳಿಗೆ ದಿಕ್ಕು, ಎತ್ತರ, ಓರೆ ಮೂರನ್ನೂ ಬರೆದಿಟ್ಟ ಒಂದು ಹಾಳೆ ಗಾಡಿಯಲ್ಲಿದ್ದರೆ ಸಂಜೆಯ ಪರದಾಟ ತಪ್ಪುತ್ತದೆ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಂಗಳೂರಿನಲ್ಲಿ ಬೆಳಗ್ಗೆ 11 ಗಂಟೆ ಆಸುಪಾಸಿನಲ್ಲಿ, ಸೂರ್ಯ ಈ ಉಪಗ್ರಹದ ಬೆನ್ನ ಹಿಂದೆಯೇ ಬರುತ್ತಾನೆ. ಅವನ ರೇಡಿಯೊ ಸದ್ದಿನಲ್ಲಿ ಸಿಗ್ನಲ್ ಕೆಲವು ನಿಮಿಷ ಮುಳುಗಿಹೋಗುತ್ತದೆ. ಆಗ ಡಿಶ್ ಮುಟ್ಟದೆ ಸುಮ್ಮನಿದ್ದರೆ ಸಾಕು.

ಬ್ಯಾಟರಿಯ ಲೆಕ್ಕ

ಗಾಡಿಯಲ್ಲಿ ವಿದ್ಯುತ್ತೇ ಬಂಡವಾಳ. 24 ಇಂಚಿನ ಎಲ್‌ಇಡಿ ಟಿವಿಗೆ ಸುಮಾರು 25 ವಾಟ್, ಬಾಕ್ಸ್ ಮತ್ತು ಎಲ್‌ಎನ್‌ಬಿಗೆ ಹತ್ತು ಹದಿನೈದು ವಾಟ್ ಬೇಕು. ಎಲ್‌ಎನ್‌ಬಿಗೆ ಬೇರೆ ತಂತಿಯಿಲ್ಲ. ಬಾಕ್ಸೇ ಕೇಬಲ್ ಮೂಲಕ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಒಟ್ಟು 40 ವಾಟ್ ಎಂದಿಟ್ಟುಕೊಂಡು ಸಂಜೆ ನಾಲ್ಕು ಗಂಟೆ ನೋಡಿದರೆ 160 ವಾಟ್-ಅವರ್. 12 ವೋಲ್ಟ್, 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ 1,200 ವಾಟ್-ಅವರ್ ಇದ್ದರೂ ಅದರ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಬೇಕು. ಟಿವಿಯೊಂದಕ್ಕೇ ಆದರೆ ಅದು ಮೂರು ಸಂಜೆಗೆ ಸಾಕು. ಫ್ಯಾನು, ಫ್ರಿಜ್ಜು ಸೇರಿದರೆ ಸಾಲದು.

ಇನ್ವರ್ಟರ್ ಮೂಲಕ 230 ವೋಲ್ಟ್ ಮಾಡಿ, ಮತ್ತೆ ಅಡಾಪ್ಟರಿನಲ್ಲಿ 12 ವೋಲ್ಟಿಗೆ ಇಳಿಸುವುದು ಎರಡು ಸಲ ಸುಂಕ ಕಟ್ಟುವ ಕೆಲಸ. ಬಹಳಷ್ಟು ಸೆಟ್‌ಟಾಪ್ ಬಾಕ್ಸ್‌ಗಳ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದೇ ಬರೆದಿರುತ್ತದೆ. 12 ವೋಲ್ಟಿನ ಟಿವಿಗಳೂ ಸಿಗುತ್ತವೆ. ಅವನ್ನು ನೇರವಾಗಿ ಬ್ಯಾಟರಿಯಿಂದ ಓಡಿಸಬಹುದು. ಆದರೆ ಎಂಜಿನ್ ಓಡುವಾಗ ವೋಲ್ಟೇಜ್ 14ಕ್ಕೂ ಮೇಲೇರುವುದರಿಂದ ನಡುವೆ ರೆಗ್ಯುಲೇಟರ್ ಇರಲೇಬೇಕು. ಬಸ್ಸು, ಲಾರಿಯ ಚಾಸಿಯ ಮೇಲೆ ಕಟ್ಟಿದ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ. ಅಲ್ಲಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕು. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೊ ಈಗ ಮಾನದಂಡ ರೂಪಿಸಿದೆ. ಅಂಥ ಟಿವಿ ಇದ್ದರೆ ಫ್ರೀ ಡಿಶ್‌ಗೆ ಬಾಕ್ಸೇ ಬೇಡ. ಒಂದು ತಂತಿ, ಒಂದು ರಿಮೋಟ್, ಹತ್ತು ವಾಟ್ ಉಳಿಯುತ್ತದೆ.

ರೆಕಾರ್ಡಿಂಗ್ ಕೊಡುವ ಬಿಡುಗಡೆ

ಗಾಡಿಯಲ್ಲಿ ಟಿವಿ ಯಾಕೆ ಎಂದು ಕೇಳುವವರಿದ್ದಾರೆ. ಹಂಪಿಯ ಸಂಜೆಗೆಂಪು ಬಿಟ್ಟು ಒಳಗೆ ಕೂತು ವಾರ್ತೆ ನೋಡುವುದೆ? ಕೇಳಬೇಕಾದ ಪ್ರಶ್ನೆಯೇ. ರೆಕಾರ್ಡಿಂಗ್ ಇರುವುದು ಇದಕ್ಕೆ ಉತ್ತರವಾಗಿ. ಕಾರ್ಯಕ್ರಮ ಬರುವ ಹೊತ್ತಿಗೆ ಬಾಕ್ಸ್ ತನ್ನ ಪಾಡಿಗೆ ಹಿಡಿದಿಟ್ಟುಕೊಳ್ಳುತ್ತದೆ, ನಾವು ಹೊಳೆಯ ದಂಡೆಯಲ್ಲಿರಬಹುದು. ಆಕಾಶ ತೆರೆದಿರುವ ತಂಗುದಾಣದಲ್ಲಿ ತುಂಬಿಕೊಂಡದ್ದನ್ನು ಮರುದಿನ ದಟ್ಟ ಕಾಡಿನ ನೆರಳಿನಲ್ಲಿ, ಮಳೆ ಸುರಿಯುವ ರಾತ್ರಿಯಲ್ಲಿ ನೋಡಬಹುದು. ಹಿಡಿಯುವ ಜಾಗ, ನೋಡುವ ಜಾಗ ಬೇರೆಯಾಗುತ್ತವೆ. ಪ್ರಯಾಣವನ್ನು ಟಿವಿಯ ವೇಳಾಪಟ್ಟಿ ಆಳದಂತೆ ನೋಡಿಕೊಳ್ಳುವ ಉಪಕರಣ ಇದೇ.

ಹಣ ಕೊಡುವ ಡಿಟಿಎಚ್‌ನಲ್ಲಿ 2008ರಲ್ಲಿ ಬಂದ ‘ಟಾಟಾ ಸ್ಕೈ ಪ್ಲಸ್’ನಂಥ ಬಾಕ್ಸ್‌ಗಳು ಒಳಗಿನ ಹಾರ್ಡ್ ಡಿಸ್ಕಿನಲ್ಲೇ ರೆಕಾರ್ಡ್ ಮಾಡುತ್ತಿದ್ದವು. ಅಂಥ ಗುಪ್ತಲಿಪಿಯ ಕಡತಗಳು ಆ ಬಾಕ್ಸಿನಲ್ಲಷ್ಟೇ ತೆರೆದುಕೊಳ್ಳುತ್ತವೆ. ಫ್ರೀ ಡಿಶ್ ಹಿಡಿಯುವ ಎಷ್ಟೋ ಅಗ್ಗದ ಬಾಕ್ಸ್‌ಗಳಲ್ಲಿ ಯುಎಸ್‌ಬಿ ಕಿಂಡಿಯಿದೆ. ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಒತ್ತಿದರಾಯಿತು. ಸಾಧಾರಣ ಗುಣಮಟ್ಟದ ವಾಹಿನಿಗೆ ಗಂಟೆಗೆ ಸುಮಾರು ಒಂದು ಜಿಬಿ ಬೇಕು. 64 ಜಿಬಿಯಲ್ಲಿ ಒಂದು ಪ್ರವಾಸಕ್ಕೆ ಬೇಕಾದಷ್ಟು ಹಿಡಿಯುತ್ತದೆ. ಎಫ್‌ಎಟಿ32 ಪದ್ಧತಿಯ ಪೆನ್‌ಡ್ರೈವ್‌ನಲ್ಲಿ ಒಂದು ಕಡತ 4 ಜಿಬಿ ದಾಟಲಾಗದು. ದೊಡ್ಡ ಕಾರ್ಯಕ್ರಮ ತುಂಡಾಗುವುದು ಅದಕ್ಕೇ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಗುಂಡಿ ಬಿದ್ದ ರಸ್ತೆ ಆಗದು. ಗಾಡಿಗೆ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್ ಸರಿ.

ಒಂದು ವಾಹಿನಿ ರೆಕಾರ್ಡ್ ಆಗುತ್ತಿರುವಾಗ ಇನ್ನೊಂದನ್ನು ನೋಡಬೇಕಾದರೆ ಎರಡು ಟ್ಯೂನರ್, ಎರಡು ಕೇಬಲ್, ಜೋಡಿ ಕಿಂಡಿಯ ಎಲ್‌ಎನ್‌ಬಿ ಬೇಕು. ಟೈಮರ್ ಹಾಕಿ ಹೊರಗೆ ಹೋಗುವವರು ಬಾಕ್ಸ್ ನಿದ್ದೆಯಿಂದ ತಾನೇ ಏಳುತ್ತದೆಯೇ ಎಂದು ಊರು ಬಿಡುವ ಮೊದಲೇ ಮನೆಯಲ್ಲಿ ಪರೀಕ್ಷಿಸಲಿ. ರೆಕಾರ್ಡ್ ಮಾಡಿದ್ದು ನಮ್ಮ ಕುಟುಂಬ ನೋಡಲು ಮಾತ್ರ, ಹಂಚಲು ಅಲ್ಲ ಎಂಬುದೂ ನೆನಪಿರಲಿ.

ಮರೆಯಬಾರದ ಎಚ್ಚರ

ಎದ್ದು ನಿಂತ ಡಿಶ್‌ನೊಂದಿಗೆ ಗಾಡಿ ಹೊರಡುವುದು ದೊಡ್ಡ ಅಪಾಯ. ಕಂಟೋನ್ಮೆಂಟ್ ಸುತ್ತಿನ ರೈಲು ಕೆಳಸೇತುವೆಗಳು, ತಗ್ಗಿದ ಕೊಂಬೆಗಳು, ಜೋತ ತಂತಿಗಳು ಎರಡನೇ ಅವಕಾಶ ಕೊಡುವುದಿಲ್ಲ. ಡಿಶ್ ಮಡಚದೆ ಕೀಲಿ ತಿರುಗಿಸಿದರೆ ಕೂಗುವ ಬಜರ್ ಒಂದನ್ನು ವಯರಿಂಗ್ ಮಾಡುವವರಿಂದ ಹಾಕಿಸಿಕೊಳ್ಳಬೇಕು. ಗಾಡಿಯ ಒಟ್ಟು ಎತ್ತರ ಬರೆದ ಚೀಟಿ ಚಾಲಕರ ಕಣ್ಣೆದುರಿರಲಿ, ಟಿವಿ ಪರದೆ ಮಾತ್ರ ಅವರ ಕಣ್ಣಿಗೆ ಬೀಳಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಕೇಳಿದೊಡನೆ ಕೇಬಲ್ಲನ್ನು ಬಾಕ್ಸಿನಿಂದ ಬಿಚ್ಚಿಡಬೇಕು.

ಕಾನೂನೂ ಇದೆ. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ನೋಂದಣಿಯಾದ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ ತಡೆಯುತ್ತದೆ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಕಬ್ಬಿಣ ಆರಿಸಿ ವೆಲ್ಡಿಂಗ್ ಮಾಡಿಸುವ ಉತ್ಸಾಹ ಒಳ್ಳೆಯದೇ. ಆದರೆ ಛಾವಣಿ ಕೊರೆಯುವ ಮುಂಚೆ ಆರ್‌ಟಿಒದಲ್ಲಿ ಕೇಳುವುದು ಕ್ಷೇಮ. ಮೂರುಕಾಲಿನ ಡಿಶ್‌ಗೆ ಒಂದು ತೂತನ್ನೂ ಕೊರೆಯಬೇಕಿಲ್ಲ ಎಂಬುದು ಅದರ ಪರವಾಗಿ ಇನ್ನೊಂದು ಮಾತು.

ಸರ್ಕಾರ ಮಾಡಬಹುದಾದದ್ದು

ಕ್ಯಾರವಾನ್ ತಂಗುದಾಣಗಳನ್ನು ಯೋಜಿಸುವವರು ನೀರು, ಶೌಚದ ಜೊತೆಗೆ ಆಕಾಶವನ್ನೂ ಸೌಲಭ್ಯವೆಂದು ಎಣಿಸಬೇಕು. ಪ್ರತಿ ತಂಗುದಾಣದಲ್ಲಿ ಮಟ್ಟಸವಾದ ನೆಲ, ಒಂದು ವಿದ್ಯುತ್ ಪ್ಲಗ್, ಆಗ್ನೇಯಕ್ಕೆ ಮರವಿಲ್ಲದ ಒಂದಿಷ್ಟು ಬಯಲು ಇರಲಿ. ಆ ಊರಿಗೆ ಬೇಕಾದ ದಿಕ್ಕು, ಎತ್ತರ, ಓರೆಯ ಅಂಕಿಗಳನ್ನು ಒಂದು ಕಂಬದ ಮೇಲೆ ಬರೆದರೆ ಖರ್ಚು ಒಂದು ಡಬ್ಬಿ ಬಣ್ಣದ್ದು. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆ ಗಾಡಿಯ 12 ವೋಲ್ಟ್ ವಯರಿಂಗ್ ಮತ್ತು ಡಿಶ್ ಹೊಂದಿಸುವುದನ್ನು ಕಲಿಸಿದರೆ ಹಳೆ ಮದರಾಸು ರಸ್ತೆಯುದ್ದಕ್ಕೂ ಅವರಿಗೆ ಕೆಲಸವಿದೆ.

ನಿವೃತ್ತಿಯಾದ ಮೇಲೆ ನಾಡು ನೋಡಲು ಹೊರಡುವ ಹಿರಿಯರು ಹೆಚ್ಚುತ್ತಿದ್ದಾರೆ. ತಿಂಗಳುಗಟ್ಟಲೆ ಪರಭಾಷೆಯ ಊರುಗಳಲ್ಲಿ ತಿರುಗುವ ಅವರಿಗೆ ದಿನಕ್ಕೊಮ್ಮೆ ಕನ್ನಡದ ವಾರ್ತೆ ಕೇಳುವ ಆಸೆ ಸಹಜವಾದದ್ದು. ಅದನ್ನು ಪೂರೈಸುವ ಉಪಗ್ರಹವನ್ನು ನಮ್ಮ ತೆರಿಗೆಯ ದುಡ್ಡಿನಿಂದ, ನಮ್ಮೂರಿನ ಎಂಜಿನಿಯರುಗಳು ಆಗಲೇ ಮೇಲೆ ನಿಲ್ಲಿಸಿದ್ದಾರೆ. ಅದನ್ನು ಹಿಡಿಯುವ ವಿದ್ಯೆಯನ್ನು ಗಾಡಿ ಕಟ್ಟುವ ಪ್ರತಿಯೊಬ್ಬರಿಗೂ ಕನ್ನಡದಲ್ಲೇ ತಲುಪಿಸುವ ಹೊಣೆ ಈಗ ನಮ್ಮದು.